ಕೊಸರು

ನಾಳೆ ಶಾಲೆ ಶುರು.
ಇವತ್ತು ಬೀಗ ತೆಗೆದವಳು ನಾನು.
ಬೆಂಚುಗಳ ಮೇಲೆ ಏಳು ವಾರದ ಧೂಳು.
ಧೂಳಲ್ಲ, ಮಸಿ.
ದಾವಣಗೆರೆಯ ಈ ಮಂಡಕ್ಕಿ ಭಟ್ಟಿ ಓಣಿಯಲ್ಲಿ
ಕಿಟಕಿ ಜಡಿದರೂ ಅದು ಬರುತ್ತದೆ,
ರಜೆಯಲ್ಲೂ ಬರುತ್ತದೆ,
ಒಂದು ದಿನವೂ ತಪ್ಪಿಸದ ವಿದ್ಯಾರ್ಥಿ.

ಒರೆಸಿದೆ. ಬಟ್ಟೆ ಹಿಂಡಿದರೆ
ಬಕೆಟ್ಟಿನ ತುಂಬ ಕಾಡಿಗೆ.

ಆಮೇಲೆ ಕೂತು ಹೊಸ ಹಾಜರಿ ಪುಸ್ತಕಕ್ಕೆ
ರಟ್ಟು ಹಾಕಿ, ಗೆರೆ ಎಳೆದು,
ಏಳನೆಯ ತರಗತಿ ಎಂದು ಬರೆದು
ದುಂಡಗೆ ಇಳಿಸುತ್ತ ಬಂದೆ:
ಉಚ್ಚೆಂಗೆಮ್ಮ. ಕರಿಬಸವ. ಕಾವ್ಯ.
ಅಲ್ಲಿ ಪೆನ್ನು ನಿಂತಿತು.

ಖಲಂದರ್.
ಅವನು ಬರೆಯುತ್ತಿದ್ದದ್ದು 'ಕಲಂದರ್'.
ಮನೆಯಲ್ಲಿ ಕರೆಯುವಂತೆ, ಓಣಿ ಕೂಗುವಂತೆ.
ಮೂರು ಸಲ ಕೆಂಪಿನಲ್ಲಿ ತಿದ್ದಿದ್ದೇನೆ
ಒಬ್ಬ ಹುಡುಗನ ಹೆಸರನ್ನೇ.
ಪುಟದ ಮೂಲೆಯಲ್ಲಿ ಹೆಬ್ಬೆರಳ ಕಪ್ಪು ಕಂಡು
"ಇದು ನೋಟ್‌ಬುಕ್ಕೋ, ಒಲೆ ಒರೆಸೋ ಬಟ್ಟೆಯೋ?"
ಅಂದಿದ್ದೆ. ತರಗತಿ ನಕ್ಕಿತು.
ಸುಳ್ಳೇಕೆ, ಆ ನಗು ನನಗೆ ಬೇಕಿತ್ತು;
ಊಟದ ನಂತರದ ತೂಕಡಿಕೆಯ ಪಿರಿಯಡ್ಡು ಅದು.

ಡಿಸೆಂಬರಿನ ಕಿರುಪರೀಕ್ಷೆ.
ಮೂರೂಮುಕ್ಕಾಲನ್ನು ಹದಿನಾರರಿಂದ ಗುಣಿಸಿ.
ಅವನ ಹಾಳೆಯಲ್ಲಿ ಅರವತ್ತು, ಅಷ್ಟೇ.
ಭಿನ್ನರಾಶಿ ಬಿಡಿಸಿಲ್ಲ, ಛೇದವಿಲ್ಲ, ಹಂತವಿಲ್ಲ,
ಮಳೆಯಿಲ್ಲದೆ ಮೊಳೆತ ಹಾಗೆ ಒಂದು ಉತ್ತರ.
ಪಕ್ಕದಲ್ಲಿ ಬರೆದೆ: ನಕಲು?
ಆ ಪ್ರಶ್ನೆಚಿಹ್ನೆ ಹಾಕಿದ್ದಕ್ಕೆ
ನಾನು ನ್ಯಾಯವಂತೆ ಅಂದುಕೊಂಡೆ.
ಅಂಕ: ಸೊನ್ನೆ.

ಭಾನುವಾರ ಮನೆಗೆ ನಾದಿನಿಯ ಕಡೆಯವರು.
ಬಿಸಿ ಮಂಡಕ್ಕಿಗೆಂದು ನಾನೇ ಭಟ್ಟಿಗೆ ಹೋದೆ.
ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು,
ಜರಡಿಯ ಆಚೆ ಹೊಗೆ,
ಹೊಗೆಯ ಆಚೆ ಬೋರಲು ಹಾಕಿದ ಡಬ್ಬದ ಮೇಲೆ
ಸೇರು ಹಿಡಿದು ನಿಂತವನು ಅವನು.
ನಾಲ್ಕು ಗಿರಾಕಿ, ನಾಲ್ಕು ಲೆಕ್ಕ, ಒಂದೇ ಉಸಿರು.

ನಾನು ಕೇಳಿದ್ದು ಮೂರೂಮುಕ್ಕಾಲು ಸೇರು.
ಮೂರು ಸಾಕಿತ್ತು.
ಅಲ್ಲಿಯೂ ಪರೀಕ್ಷೆಯೇ?
ಚಟ, ಮತ್ತೇನು.

"ಅರವತ್ತು ಆತ್ರಿ ಟೀಚರ್."
ರೆಪ್ಪೆ ಬಡಿಯಲಿಲ್ಲ. ಸೇರಿಗೆ ಹದಿನಾರು.
ಆಮೇಲೆ ಎರಡೂ ಬೊಗಸೆ ಚೀಲಕ್ಕೆ ಸುರಿದು,
"ಇದು ಕೊಸರು ರೀ, ಲೆಕ್ಕಕ್ಕಿಲ್ಲ" ಅಂದ.

ಅರ್ಧ ಅಂಕಕ್ಕೆ ಕೈ ಬಿಗಿಹಿಡಿದವಳು
ಆ ಚೀಲ ಹೊತ್ತು ನಡೆದದ್ದು
ಮೆಲ್ಲಗಲ್ಲ.

ಅಂಕಗಳು ಆಗಲೇ ಆನ್‌ಲೈನಿಗೆ ಹೋಗಿವೆ
ಅಂತ ನನಗೆ ನಾನೇ ಹೇಳಿಕೊಂಡೆ.
ಹೋಗಿರಲಿಲ್ಲ.
ಬುಧವಾರದವರೆಗೆ ಸಮಯವಿತ್ತು.
ಸೋಮವಾರ, ಮಂಗಳವಾರ ಅವನು
ಎರಡನೆಯ ಬೆಂಚಿನಲ್ಲಿಯೇ ಕೂತಿದ್ದ,
ಏನೂ ಕೇಳಲಿಲ್ಲ.

ಇಪ್ಪತ್ತೆರಡು ವರ್ಷವಾಯಿತು ಸೀಮೆಸುಣ್ಣ ಹಿಡಿದು.
ಪ್ರತಿ ಮೇ ಕೊನೆಗೆ ಡೈರಿಯಲ್ಲಿ ಬರೆಯುತ್ತೇನೆ:
ಈ ಸಲ ಸಿಟ್ಟು ಮಾಡುವುದಿಲ್ಲ,
ಹಿಂದಿನ ಬೆಂಚಿನ ಕಡೆಗೂ ನಡೆಯುತ್ತೇನೆ.
ಜುಲೈ ದಾಟಿದ ವರ್ಷ ಒಂದೂ ನೆನಪಿಲ್ಲ.
ಈ ಸಲ ಡೈರಿ ತೆಗೆದಿಲ್ಲ.

ಏಪ್ರಿಲ್‌ನಲ್ಲಿ ಅವನಮ್ಮ ಸಿಕ್ಕಿದ್ದಳು ಸಂತೆಯಲ್ಲಿ.
"ಏಳಕ್ಕ ಕಳಿಸ್ತೀವೋ ಇಲ್ಲೋ ನೋಡ್ಬೇಕ್ರಿ" ಅಂದಳು.
ನೋಡಿ ಹೇಳಿ ಅಂದೆ,
ಟೊಮೆಟೊ ಆರಿಸುತ್ತ.

ಈಗ ಅವನ ಸಾಲಿನಲ್ಲಿ ಪೆನ್ಸಿಲ್ ಹಿಡಿದಿದ್ದೇನೆ.
'ಖ'ವೋ 'ಕ'ವೋ ಅವನೇ ಹೇಳಲಿ, ಬಂದರೆ.
ಪುಟ ತಿರುವಲು ಹೋದಾಗ ಕಂಡಿತು
ಅಂಚಿನಲ್ಲಿ ಹೆಬ್ಬೆರಳ ಕಪ್ಪು.
ನನ್ನದೇ.

ಬಾಗಿಲಲ್ಲಿ ಅಡುಗೆಯ ಗೌರಕ್ಕ,
ತೋರಣಕ್ಕೆ ಮಾವಿನೆಲೆ ತಂದವಳು,
ಡಬ್ಬದ ಅಕ್ಕಿಯಲ್ಲಿ ಕೈಯಾಡಿಸುತ್ತ ಕೇಳುತ್ತಾಳೆ:
"ನಾಳೆ ಎಷ್ಟು ಮಂದಿಗ್ರಿ ಟೀಚರ್?"

ಅಳತೆಯ ಲೋಟ ಅವಳ ಕೈಯಲ್ಲಿ.
ನಾನಿನ್ನೂ ಎಣಿಸುತ್ತಿದ್ದೇನೆ.