ಎಂಬತ್ತರ ಅಂಚಿನಲ್ಲಿ

ಕ್ಲಾಕ್ಸ್‌ವೀಕ್ ಬಂದರಿನ ಮೀನು ಶೆಡ್ಡು. ರಾತ್ರಿ ಎರಡೂಕಾಲು.
ಸಾಲ್ಮನ್ ತೂಗಿ ಬೇರ್ಪಡಿಸುವ ಯಂತ್ರ
ಆಕಳಿಕೆಯ ನಡುವೆ ಸಿಕ್ಕಿಬಿದ್ದ ಬಾಯಿಯಂತೆ ನಿಂತುಬಿಟ್ಟಿದೆ.
ಬೆಲ್ಟಿನ ಮೇಲೆ ಒಂದೇ ಒಂದು ಮೀನು,
ನಾಲ್ಕು ಕಿಲೋನೋ ಐದೋ ತೀರ್ಮಾನವಾಗದೆ
ಐಸಿನ ಚೂರುಗಳ ಮೇಲೆ ಮಲಗಿದೆ.

ಉಪ್ಪಿನ ಚೀಲವೇ ನನಗೆ ಕುರ್ಚಿ.
ಸೀರಿಯಲ್ ಕೇಬಲ್ ಸಿಕ್ಕಿಸಿ
ಡಿಬಗರಿನೊಳಗೆ ಇಳಿದೆ.
ಎಡವಿದ್ದು ಎಲ್ಲಿ, ಹೇಳು, ಎಂದು ಕೇಳಲು
ಉದ್ದನೆಯ ಸಾಲೊಂದನ್ನು ಟೈಪ್ ಮಾಡುತ್ತ ಹೋದೆ.
ಎಂಬತ್ತನೆಯ ಅಕ್ಷರ ದಾಟಿದ್ದೇ ತಡ
ಸಾಲು ಗಿರಕ್ಕನೆ ತಿರುಗಿ
ತನ್ನ ತಲೆಯನ್ನು ತಾನೇ ತಿನ್ನತೊಡಗಿತು.
ಬರೆದದ್ದರ ಮೇಲೆ ಬರಹ.

ಬಾಣದ ಗುಂಡಿ ಒತ್ತಿ ಹಿಂದಕ್ಕೆ ಹೋದೆ,
ತಪ್ಪೆನಿಸಿದ ಅಂಕಿ ಅಳಿಸಿದೆ.
ಅಳಿಸಿದ್ದು ಅದನ್ನಲ್ಲ.
ಕರ್ಸರ್ ಮಿನುಗುತ್ತಿದ್ದದ್ದು ಒಂದು ಕಡೆ
ಅದು ನಿಜವಾಗಿ ನಿಂತಿದ್ದದ್ದು ಇನ್ನೊಂದು ಕಡೆ.
ತಪ್ಪು ಪ್ರಶ್ನೆಗೆ ಡಿಬಗರ್
ಪ್ರಾಮಾಣಿಕವಾಗಿ ಉತ್ತರ ಕೊಟ್ಟಿತು: ಕಸ, ಕಸ, ಮತ್ತೆ ಕಸ.

ಎರಡು ನಲವತ್ತಕ್ಕೆ ಟೋರ್ಸ್‌ಹಾವ್ನ್‌ನಲ್ಲಿ ಮಲಗಿದ್ದ ಟ್ರೊಂದುರ್‌ಗೆ
ಸಂದೇಶ ಕಳಿಸಿದೆ:
ನಿನ್ನ ಕೋಡು ಮೆಮೊರಿಯನ್ನೆಲ್ಲ ಹರಿದು ಹಾಕಿದೆ.
ಕೊನೆಯಲ್ಲಿ ಪೂರ್ಣವಿರಾಮ ಕೂಡ ಇಟ್ಟೆ.

ಕಾವಲಿನ ಹಾನುಸ್ ಕಾಫಿ ತಂದ.
ನಲವತ್ತು ವರ್ಷ ಬಲೆ ಹೆಣೆದ ಕೈ,
ಕಿಸೆಯಲ್ಲಿ ಇವತ್ತಿಗೂ ಬಲೆಯ ಕಣ್ಣು ಅಳೆಯುವ ಮರದ ಪಟ್ಟಿ.
ಪರದೆಯನ್ನು ನೋಡಿದ, ಬಹಳ ಹೊತ್ತು.
“ಬಲಗಡೆ ಇಷ್ಟು ಜಾಗ ಖಾಲಿ ಬಿದ್ದಿದೆಯಲ್ಲ,
ಸಾಲು ಅಲ್ಲೇ ಯಾಕೆ ತಿರುಗುತ್ತದೆ, ಸುನ್ನಿವಾ?”

ಕಾಫಿ ಕೆಳಗಿಟ್ಟೆ.
ಡಿಬಗರನ್ನೇ ಕೇಳಿದೆ: ನಿನ್ನ ಪ್ರಕಾರ ಅಗಲ ಎಷ್ಟು?
ಎಂಬತ್ತು.
ಎತ್ತರ?
ಇಪ್ಪತ್ತನಾಲ್ಕು.
ಸಂಜೆ ಬಂದವಳೇ ಕಿಟಕಿಯನ್ನು ಎಳೆದು ಹಿಗ್ಗಿಸಿದ್ದೆ.
ಆ ಎಳೆತ ಇತ್ತಲೇ ಉಳಿದಿತ್ತು.
ಈ ಸೀರಿಯಲ್ ತಂತಿಯಲ್ಲಿ ಅಕ್ಷರ ಹೋಗುತ್ತದೆ,
ಕಿಟಕಿ ಹಿಗ್ಗಿದ ಸುದ್ದಿ ಹೋಗುವುದಿಲ್ಲ.
ಹಾಸಿಗೆ ಉದ್ದವಾಗಿಯೇ ಇತ್ತು,
ಕಾಲಿಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಅಳೆಯುವುದು ಹೇಗೆ, ಹಾನುಸ್ ಕೇಳಿದ.
ಹಳೆಯ ಉಪಾಯವೊಂದಿದೆ, ಎಂದೆ.
ಡಿಬಗರಿನಿಂದ ಹೊರಬಿದ್ದು ಕರ್ಸರನ್ನು ಅಟ್ಟಿದೆ:
ಹೋಗು, ಒಂಬೈನೂರ ತೊಂಬತ್ತೊಂಬತ್ತನೇ ಸಾಲಿಗೆ,
ಒಂಬೈನೂರ ತೊಂಬತ್ತೊಂಬತ್ತನೇ ಮನೆಗೆ.
ಅಂಥ ಜಾಗ ಇಲ್ಲವೆಂದು ಇಬ್ಬರಿಗೂ ಗೊತ್ತು.
ಅದು ಓಡಿ, ಗೋಡೆಗೆ ತಾಗಿ ನಿಂತಿತು.
ಈಗ ಕೇಳಿದೆ: ಎಲ್ಲಿದ್ದೀ?
ನಲವತ್ತಮೂರು, ನೂರಮೂವತ್ತೆರಡು.

ಹಾನುಸ್ ನಕ್ಕ. ಕುರುಡ ಕೋಣೆ ಅಳೆದ ಹಾಗಾಯಿತು, ಎಂದ.
ಎರಡು ಅಂಕಿಗಳನ್ನು ಆಚೆಯವನ ಕಿವಿಗೆ ಹಾಕಿ
ಮತ್ತೆ ಡಿಬಗರಿಗೆ ಇಳಿದು ಅದೇ ಪ್ರಶ್ನೆ ಬರೆದೆ.
ಎಂಬತ್ತು ದಾಟಿತು. ಎಂಬತ್ತೊಂದು. ತೊಂಬತ್ತು.
ಸಾಲು ನೆಟ್ಟಗೆ ನಡೆಯಿತು.

ಮೆಮೊರಿ ಹರಿದಿರಲಿಲ್ಲ. ಒಂದು ದಾರವೂ ಎದ್ದಿರಲಿಲ್ಲ.
ತಕ್ಕಡಿಗೆ ಸೊನ್ನೆ ಹಿಡಿಸುವಾಗ ತಟ್ಟೆಯಲ್ಲಿ ಐಸಿನ ಚೂರೊಂದಿತ್ತು,
ಆಮೇಲೆ ಕರಗಿತು.
ಖಾಲಿ ತಟ್ಟೆ ಸೊನ್ನೆಗಿಂತ ಹನ್ನೆರಡು ಗ್ರಾಂ ಹಗುರ.
ಸೊನ್ನೆಗಿಂತ ಹಗುರವಾದದ್ದಕ್ಕೆ
ತೂಕದ ಪಟ್ಟಿಯಲ್ಲಿ ಮನೆಯೇ ಇಲ್ಲ.
ಆ ಪಟ್ಟಿ ಬರೆದವಳು ನಾನು. ಹೋದ ಮಾರ್ಚಿನಲ್ಲಿ.

ತಟ್ಟೆ ಒರೆಸಿದೆ, ಪಟ್ಟಿಗೊಂದು ಸಾಲು ಸೇರಿಸಿದೆ.
ಬೆಲ್ಟು ಕೆಮ್ಮಿ ಹೊರಟಿತು.
ಮೀನು ಐದು ಕಿಲೋದ ಡಬ್ಬಿಗೆ ಬಿತ್ತು.

ಫೋನು ತೆಗೆದೆ. ಕ್ಷಮೆಯನ್ನು ಮೂರು ಬಗೆಯಲ್ಲಿ ಬರೆದು
ಮೂರನ್ನೂ ಅಳಿಸುತ್ತಿರುವಾಗ
ಟ್ರೊಂದುರ್‌ನ ಉತ್ತರ ಬಂದೇಬಿಟ್ಟಿತ್ತು,
ಎರಡು ಐವತ್ತಕ್ಕೇ, ನಾನು ನೋಡಿರಲಿಲ್ಲ:
“ಕಿಟಕಿ ಎಷ್ಟು ಅಗಲ ಇಟ್ಟಿದ್ದೀ?”