ಕಾಲು ವೃತ್ತ

ಅರಸೀಕೆರೆ, ರೈಲ್ವೆ ಗೇಟಿನಾಚೆ, ವಠಾರದ ನಾಲ್ಕನೇ ಮನೆ.
ಮನೆ ಅಂದರೆ ಹತ್ತಡಿಗೆ ಹನ್ನೊಂದು.
ಅದರಲ್ಲೇ ಒಲೆ, ಅದರಲ್ಲೇ ದೇವರು,
ಅಟ್ಟದ ಮೇಲೆ ಮದುವೆಯಲ್ಲಿ ಕೊಟ್ಟ ಕೊಳಗ,
ಕೊಳಗದೊಳಗೆ ಚಳಿಗಾಲದ ರಗ್ಗು.

ಕಿಟಕಿಗೆದುರು ಕನ್ನಡಿ ಇಡು, ಮನೆ ದೊಡ್ಡದಾಗುತ್ತೆ,
ಅಂದಿದ್ದಳು ಪಕ್ಕದ ಶಕೀಲಾ. ಇಟ್ಟೆ.
ತೊಳೆಯದ ಪಾತ್ರೆ ಎರಡರಷ್ಟಾಯಿತು.

ಕಾಳಾಚಾರಿಯನ್ನು ಕರೆಸಿದ್ದು ಮಂಚಕ್ಕೆ.
ರೈಲಿನ ಬರ್ತಿನ ಹಾಗೆ, ಹಗಲು ಗೋಡೆಗೆ, ರಾತ್ರಿ ನಮಗೆ.
ಆತ ಮಂಚ ನೋಡಲಿಲ್ಲ, ಬಾಗಿಲು ನೋಡಿದ.
ತೆಗೆದ. ಹಾಕಿದ. ಮತ್ತೆ ತೆಗೆದ.
ಬಾಗಿಲಡಿಯ ಮೊಳೆ ಇಷ್ಟು ವರ್ಷ
ಕೆಂಪು ಗಾರೆಯ ಮೇಲೆ ಗೀಚಿದ ಗೆರೆ,
ಕುಡುಗೋಲಿನ ಹಾಗೆ ಬಾಗಿದ್ದು,
ಅದರ ಮೇಲೆ ಹೆಬ್ಬೆರಳು ಓಡಿಸಿ ಅಂದ:
“ಬಾಡಿಗೆ ಕೊಡದೆ ಕೂತಿರೋನು ಇವನೊಬ್ಬನೇ ಕಣಮ್ಮ.”

ಕೀಲು ತಿರುಗಿಸಿದ. ಬಾಗಿಲು ಹೊರಕ್ಕೆ ತೆರೆಯಿತು.
ಮುನ್ನೂರು ರೂಪಾಯಿ, ಎರಡು ಲೋಟ ಟೀ.
ಮಂಚ ಮುಂದಿನ ವಾರ ಅಂದವನು ಆಮೇಲೆ ಬರಲಿಲ್ಲ.

ನಮಗೆ ನೆಲ ಸಿಕ್ಕಿತ್ತು!
ಕೊಬ್ಬರಿ ಹೋಳಿನ ಅರ್ಧದ ಆಕಾರದ್ದು.
ಬೇಕರಿಯ ರಾತ್ರಿ ಪಾಳಿ ಮುಗಿಸಿ ಬಂದ ಇವರು,
ತೋಳಿಗೆ ಇನ್ನೂ ಮೈದಾ ಮೆತ್ತಿದೆ, ನಿಂತೇ ನೋಡಿ,
ಇಲ್ಲೊಂದು ಕುರ್ಚಿ, ಅಂದರು.
ದಾಕ್ಷಿ ಸ್ಕೇಲು ತಂದಳು, ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗುಣಿಸಿದಳು,
ಐದು ಚದರಡಿಗೆ ಒಂಚೂರು ಕಮ್ಮಿ ಅಮ್ಮ,
ಮೇಜು ಹಿಡಿಯುತ್ತೆ.
ನಾನು ಮಾತಾಡದೆ ಹೊಲಿಗೆ ಮಿಷನ್ನು ಎಳೆದು ತಂದಿಟ್ಟೆ.
ಮೊದಲ ಸಲ, ಪೆಡಲು ತುಳಿಯುವಾಗ
ಮೊಣಕಾಲು ಸಿಲಿಂಡರಿಗೆ ತಾಗಲಿಲ್ಲ.
ಆ ದಿನ ಆರು ರವಿಕೆ.

ಶನಿವಾರ ಬಾಣಾವರದಿಂದ ಸೋದರತ್ತೆ.
ಕಂಕುಳಲ್ಲಿ ಹಲಸಂದೆಯ ಚೀಲ, ಕದ ತಟ್ಟಿದರು.
ಬನ್ನಿ ಬನ್ನಿ ಅನ್ನುತ್ತಲೇ ನೂಕಿದೆ ಬಾಗಿಲು.
ಅವರು ಒಂದು ಹೆಜ್ಜೆ ಹಿಂದೆ, ಇನ್ನೊಂದು ಹಿಂದೆ,
ಶಕೀಲಾಳ ನೀರಿನ ಬಕೆಟ್ಟಿಗೆ ತಾಗಿ ನಿಂತರು.
“ಕರೆಯೋಳು ಯಾರಾದರೂ ಹೀಗೆ ತಳ್ಳುತ್ತಾಳೇನೇ?”

ಈಗ ತಟ್ಟಿದವರಿಗೆಲ್ಲ ಒಳಗಿಂದಲೇ ಕೂಗುತ್ತೇನೆ,
ಸ್ವಲ್ಪ ಸರ್ಕೊಳಿ, ಆಮೇಲೆ ಬನ್ನಿ.
ಮೊನ್ನೆ ಗುಡಿಸುವಾಗ ಕಂಡೆ,
ವಠಾರದ ನಡುದಾರಿಯ ಸಿಮೆಂಟಿನ ಮೇಲೆ
ಅದೇ ಮೊಳೆ ಹೊಸ ಗೆರೆ ಶುರುಮಾಡಿದೆ,
ಇನ್ನೂ ತೆಳ್ಳಗೆ, ಬೆಳ್ಳಗೆ.
ಶಕೀಲಾಳೂ ನೋಡಿದಳು. ಏನೂ ಅನ್ನಲಿಲ್ಲ.
ಬಕೆಟ್ಟು ಒಂದು ಗೇಣು ಆಚೆ ಇಟ್ಟುಕೊಂಡಳು.