ಒಂದಕ್ಕ ಹನ್ನೆರಡು

ನನ್ನ ರಸಮಟ್ಟದಾಗ ಇರೂದು ಒಂದೇ ಗುಳ್ಳಿ.
ಇಪ್ಪತ್ತೆರಡು ವರ್ಷ ಅದರ ಮಾತು ಕೇಳಿ
ಪುಣೆದಾಗ ಎಷ್ಟು ಬಚ್ಚಲಿಗೆ ವಾಟ ಕೊಟ್ಟೀನೋ
ಲೆಕ್ಕ ಇಟ್ಟಿಲ್ಲ. ಧಾಯರಿ, ವಾರಜೆ, ಕೋಥರೂಡ.
ಕಡೀಕ ಒಂದು ಚರಿಗಿ ನೀರು ಸುರುವಿ ನೋಡ್ತೀನಿ,
ನೀರು ಯಾರ ಮುಲಾಜೂ ಇಟ್ಟುಕೊಳ್ಳೂದಿಲ್ಲ.

ಈ ಸಲದ್ದು ಬಚ್ಚಲ ಅಲ್ಲ.
ಎರಂಡವಣೆದಾಗ ಹಳೇ ಸೊಸೈಟಿ,
ಮೂರು ಮೆಟ್ಟಲ, ಹದಿನೆಂಟು ಇಂಚು ಎತ್ತರ.
ತಳಮನಿಯಾಗ ಭಾಗವತ ಬಾಯಿ,
ಕಾಲೇಜಿನ್ಯಾಗ ಕಲ್ಲು ಮಣ್ಣಿನ ಪಾಠ ಹೇಳಿದವರು,
ಈಗ ಗಾಲಿಕುರ್ಚಿ. ರ‍್ಯಾಂಪ್ ಬೇಕಂತ.
ಸೆಕ್ರೆಟರಿ ಕ್ಷೀರಸಾಗರ ಟೇಪು ಎಳಕೊಂಡು ಹೋಗಿ
ಒಂಬತ್ತು ಫೂಟಿಗೆ ನಿಂತ.
ಅದರಾಚೆ ಅವನ ಸ್ಕೂಟರ್.

‘ಒಂದಕ್ಕ ಹನ್ನೆರಡು ಬೇಕ್ರಿ ಸಾಹೇಬ,
ಹದಿನೆಂಟು ಫೂಟು.’
‘ಒಂಬತ್ತರಾಗ ಮುಗಿಸು.’
ಮುಗಿಸಿದೆ.
ರಸಮಟ್ಟ ಇಟ್ಟರ ಗುಳ್ಳಿ ಒಂದು ಮೂಲಿಗೆ ಓಡಿ
ಗಾಜಿಗೆ ಮೂಗು ಒತ್ತಿ ನಿಂತಿತು.
ತಗದು ಚೀಲದಾಗ ಹಾಕಿದೆ.
ಲಾಯಪ್ಪ ಎರಡು ಸಲ ಓಡಿ ಹತ್ತಿ ಇಳಿದು
‘ಭಾರಿ ಆಗ್ಯದ ಮೇಸ್ತ್ರಿ’ ಅಂದ.
ಹದಿನೇಳರ ಹುಡುಗ, ಅವನಿಗೇನು.

ನೀರು ಉಣಿಸಿದ ಎಂಟನೇ ದಿನ
ಬಾಯಿ ಬಾಗಿಲಿಗೆ ಬಂದರು.
ಮಡಿಲಾಗ ನಶ್ಯದ ಡಬ್ಬಿಯಷ್ಟು ಹಿತ್ತಾಳಿ ಪೆಟ್ಟಿಗಿ.
ಮುಚ್ಚಳ ತಗದರ ಕನ್ನಡಿ, ಸೂಜಿ, ಡಿಗ್ರಿಯ ಗೆರಿ,
ಒಳಗ ನನ್ನದೇ ಗುಳ್ಳಿಯ ತಂಗಿ.
‘ಇಳಿಜಾರಿನ ಮ್ಯಾಲ ಅಡ್ಡ ಇಡು’ ಅಂದರು ಲಾಯಪ್ಪಗ.
ಅವ ಬಗ್ಗಿ, ಬೆರಳಿಟ್ಟು, ತಡವರಿಸಿ ಓದಿದ:
ಒಂಬತ್ತೂವರಿ.

ಬಾಯಿ ಸಿಟ್ಟು ಮಾಡಲಿಲ್ಲ. ಪಾಠ ಸುರು ಮಾಡಿದರು.
‘ಸಿಂಹಗಡ ನೋಡೀಯೇನು?
ಬೆಂಕಿ ಹರಿದು ಹೆಪ್ಪಾದ ಕಲ್ಲು, ಪದರ ಮ್ಯಾಲ ಪದರ,
ನೀ ಹಾಸೂ ಫರಸಿಯ ಹಾಂಗ ಮಟ್ಟಸ.
ಅದನ್ನ ಕೊರದು ಇಳಿಜಾರು ಮಾಡಿದ್ದು ನೀರು,
ಲಕ್ಷಗಟ್ಟಲೆ ವರ್ಷ.
ಇದನ್ನ ಮಾಡಿದ್ದು ಯಾರು?’

ನಾ ಕರಣಿ ತೊಳೀಲಿಕ್ಕೆ ಹತ್ತಿದೆ. ತೊಳೆದದ್ದೇ ಇತ್ತು.

‘ಇಪ್ಪತ್ತು ಡಿಗ್ರಿ ಏರು, ಹುಡುಗರಿಗೆ ಹೇಳಿಕೋತ ಹತ್ತೀನಿ,
ಮಾತು ನಿಂತಿದ್ದಿಲ್ಲ.
ಕಾಲಿನ ಲೆಕ್ಕ ಬ್ಯಾರೆ, ಕೈಯ ಲೆಕ್ಕ ಬ್ಯಾರೆ.
ಬಾ, ಕೂತು ನೋಡು.’

ಲಾಯಪ್ಪ ಅವರನ್ನ ಎತ್ತಿ ಬೆತ್ತದ ಕುರ್ಚಿಗೆ ಕೂಡಿಸಿದ.
ಸಿಮೆಂಟ್ ಚೀಲ ಹೊತ್ತ ಕೈ ನನ್ನವು. ನಕ್ಕೆ.
ಒಂದು ಎಳತ, ಎರಡು,
ಮೂರಕ್ಕ ಭುಜ ನಡುಗಿತು, ಮುಂದಿನ ಗಾಲಿ ಎದ್ದವು,
ಆಕಾಶ ಕಂಡಿತು,
ಬೆನ್ನಿಗೆ ಲಾಯಪ್ಪನ ಎದಿ.
ನಾ ಕಟ್ಟಿದ ಗುಡ್ಡ ನನ್ನನ್ನೇ ಕೆಳಗ ನೂಕಿತ್ತು.

ಕ್ಷೀರಸಾಗರ ಪ್ರತಿ ಐತವಾರ ಸಿಂಹಗಡಕ್ಕ ಹೋಗ್ತಾನ.
ಮಣಿಕಟ್ಟಿಗೆ ಏರು ಎಣಿಸೂ ಗಡಿಯಾರ,
ಎರಡು ಅಲ್ಯೂಮಿನಿಯಂ ಕೋಲು.
ಆ ಐತವಾರ ಅವ ಅತ್ತ ಹೋದ,
ಇತ್ತ ನಾವು ಸ್ಕೂಟರ್ ಎತ್ತಿ ಬೇವಿನ ಗಿಡದ ಬುಡಕ ಇಟ್ಟು
ಸುತ್ತಿಗಿ ತಗೊಂಡೆವು.
ಮಧ್ಯಾಹ್ನದೊಳಗ ಒಡದು ಮುಗಿದಿತ್ತು.
ಸುಣ್ಣದ ಗೆರಿ ಎಳದಿದ್ದೆ: ಒಂಬತ್ತು ಫೂಟು,
ಹೊರಳೂ ಕಡೆ ಮಟ್ಟಸ ಕಟ್ಟಿ,
ಮತ್ತ ಒಂಬತ್ತು.

ಅವ ಬಂದ, ಬೂಟಿಗೆ ಕೆಂಪು ಧೂಳು,
ಬಾಯಿ ತೆರೆದ.
‘ಇವತ್ತ ಎಷ್ಟು ಹತ್ತಿದ್ರಿ ಸಾಹೇಬ?’ ಕೇಳಿದೆ.
ರೂಢಿ ನೋಡ್ರಿ, ಕೈ ಎತ್ತಿ ಗಡಿಯಾರ ನೋಡಿದ,
‘ಆರುನೂರು ಮೀಟರ್’ ಅಂದುಬಿಟ್ಟ.
ಬಾಗಿಲಾಗ ಬಾಯಿ ಕೂತಿದ್ದರು.
ಬೈಗುಳ ಬಂದವು, ಬರಲಿಲ್ಲಂತ ಹೇಳೂದಿಲ್ಲ,
ಖರೆ ಸಣ್ಣ ದನಿಯಾಗ ಬಂದವು.

ಎರಡನೇ ಸಲದ ಸಿಮೆಂಟಿನ ರೊಕ್ಕ ಇನ್ನೂ ಬರಬೇಕು.
ಕೇಳಲಿಕ್ಕೆ ಹೋದ ದಿನ
ಬಾಯಿ ಗೇಟಿನ ತನಕ ಒಬ್ಬರೇ ಹೋಗಿ
ಕೊತ್ತಂಬರಿ ಕಟ್ಟು ತಗೊಂಡು ಹೊರಳಿದ್ದರು.
ನಡುವಿನ ಕಟ್ಟಿ ಮ್ಯಾಲ ನಿಂತರು.
ದಣಿದರೇನೋ ಅಂತ ಲಾಯಪ್ಪ ಓಡಿದ.
‘ದೂರ ಇರು’ ಅಂದರು,
ಗಾಲಿಯಿಂದ ಎರಡೂ ಕೈ ಬಿಟ್ಟು
ಕೊತ್ತಂಬರಿಯೊಳಗಿನ ಹಳದಿ ಎಲಿ ಆರಿಸಲಿಕ್ಕೆ ಕೂತರು.
ಕುರ್ಚಿ ಎತ್ತಲೂ ಸರೀಲಿಲ್ಲ.